ಬುರುಡೆಗೆ ಮುಡಿಸಿದ ಬಟ್ಟೆಯ ಗುಲಾಬಿ

ಜಾರ್ಜಿಯಾ ಓಕೀಫ್ 1931ರಲ್ಲಿ ಬರೆದ ಹಸುವಿನ ಬುರುಡೆ ಮತ್ತು ಬಟ್ಟೆ ಗುಲಾಬಿಗಳ ಚಿತ್ರದ ಕೆಳಗೆ, ಈಚೆಗೆ ಓದಿದ ಕಲಾಪುಸ್ತಕವೊಂದರಲ್ಲಿ, ಬುರುಡೆ ಸಾವಿನ ಸಂಕೇತ ಎಂದಷ್ಟೇ ಷರಾ ಇತ್ತು. ಅದು ವಾರವಿಡೀ ನನ್ನನ್ನು ಕೊರೆಯಿತು.

ಈ ಷರಾದ ತವರು ಹಾಲೆಂಡ್. ಅಲ್ಲಿನ ಸ್ಟಿಲ್ ಲೈಫ್ ಚಿತ್ರಕಾರ ಪೀಟರ್ ಕ್ಲಾಸ್‌ನನ್ನೇ ನೋಡಿ. ಅವನ 1630ರ ಚಿತ್ರ ಹೇಗ್ ನಗರದ ಮೌರಿತ್ಸ್‌ಹೌಸ್‌ನಲ್ಲಿದೆ. ಅದರಲ್ಲಿ ಬುರುಡೆ, ಗಡಿಯಾರ, ಪುಸ್ತಕ, ಬೋರಲು ಬಿದ್ದ ಗಾಜಿನ ಲೋಟ, ಆರಿದ ಬತ್ತಿ ಎಲ್ಲವೂ ಬೈಬಲಿನ ‘ಪ್ರಸಂಗಿ’ಯ ಉಪದೇಶವನ್ನೇ ಸಾರುತ್ತವೆ: ಲೋಕದ ಸುಖ ನಿಲ್ಲುವುದಿಲ್ಲ. ಸಿರಿ ಉಕ್ಕುತ್ತಿದ್ದ ವರ್ತಕರ ಮನೆಗಳಿಗೆ ಆ ಎಚ್ಚರಿಕೆ ಬೇಕಿತ್ತು. ಗಡಿಯಾರ ಕಾಲವನ್ನು ಹೇಳಿದರೆ ಲೋಟ ಭೋಗವನ್ನೂ ಪುಸ್ತಕ ವಿದ್ಯೆಯ ಮಿತಿಯನ್ನೂ ಹೇಳುತ್ತದೆ. ಆ ಕಾಲದ ನೋಡುಗನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಆದರೆ ಆ ನಿಘಂಟನ್ನೇ ಓಕೀಫ್‌ಗೆ ಬುರುಡೆಗಳು ಸಿಕ್ಕ ನ್ಯೂ ಮೆಕ್ಸಿಕೋಗೆ ಹೊತ್ತೊಯ್ಯುವ ವಿಮರ್ಶಕರ ಸೋಮಾರಿತನವನ್ನು ನಾನು ಸಹಿಸಲಾರೆ. 1930ರ ಬೇಸಿಗೆಯಲ್ಲಿ ಅಲ್ಲಿ ಮಳೆಯಿರಲಿಲ್ಲ. ಹೂ ಅರಳಲಿಲ್ಲ, ದನಕರು ಸತ್ತವು. ಬರೆಯಲು ಹೂವಿಲ್ಲದೆ ಓಕೀಫ್ ಮೂಳೆ ಆಯ್ದರು, ಪೀಪಾಯಿಗೆ ತುಂಬಿ ನ್ಯೂಯಾರ್ಕಿಗೆ ಸಾಗಿಸಿದರು. ಒಮ್ಮೆ ಬಾಗಿಲಿಗೆ ಯಾರೋ ಬಂದಾಗ, ಕೈಲಿದ್ದ ಬಟ್ಟೆಯ ಗುಲಾಬಿಯನ್ನು ಕುದುರೆಯ ಬುರುಡೆಯ ಕಣ್ಣಗುಳಿಗೆ ಸಿಕ್ಕಿಸಿ ಹೋದರಂತೆ. ತಿರುಗಿ ಬಂದು ನೋಡಿದರೆ ಚೆನ್ನಾಗಿ ಕಂಡಿತು, ಹಾಗೇ ಬರೆದರು. ಆ ಮೂಳೆಗಳಲ್ಲಿ ಅವರು ಕಂಡದ್ದು ಮರುಭೂಮಿಯ ಜೀವಂತಿಕೆ.

ಹಾಗಾದರೆ ಇಲ್ಲಿ ಸಾವೇ ಇಲ್ಲವೆನ್ನೋಣವೇ? ಆ ಬಟ್ಟೆಯ ಹೂಗಳು ಹಾಗೆನ್ನಲು ಬಿಡುವುದಿಲ್ಲ. ಅಲ್ಲಿನ ಸ್ಪ್ಯಾನಿಷ್ ಮೂಲದ ಜನ ಸಮಾಧಿಗಳನ್ನು ಸಿಂಗರಿಸುತ್ತಿದ್ದದ್ದು ಅಂಥ ಹೂಗಳಿಂದಲೇ. ಅಂದರೆ ಚಿತ್ರದಲ್ಲಿ ಸಾವಿದೆಯೋ ಇಲ್ಲವೋ ಎಂಬ ನನ್ನ ಪ್ರಶ್ನೆಯೇ ಸಾಲದು. ಅದು ಯಾರ ಸಾವು ಎಂದು ಕೇಳಬೇಕಿತ್ತು. ಡಚ್ಚರ ಬುರುಡೆ ಬದುಕಿರುವವನನ್ನು ಎಚ್ಚರಿಸುತ್ತದೆ. ಸಮಾಧಿಯ ಹೂ ಸತ್ತವರನ್ನು ಪ್ರೀತಿಯಿಂದ ನೆನೆಯುತ್ತದೆ. ಕಲಾವಿದೆ ಬಯಸಲಿ, ಬಿಡಲಿ, ಆ ನೆಲದ ರೂಢಿ ಹೂವಿನೊಡನೆ ಚಿತ್ರದೊಳಕ್ಕೆ ಬಂದಿದೆ.

ಸ್ಟಿಲ್ ಲೈಫ್ ಚಿತ್ರಗಳಿಗೆ ಟಿಪ್ಪಣಿ ಬರೆಯುವವರಲ್ಲಿ ನನ್ನ ವಿನಂತಿ ಇಷ್ಟೇ: ಸಂಕೇತದ ಅರ್ಥ ಹೇಳುವ ಮೊದಲು, ಆ ವಸ್ತುವನ್ನು ಅದರ ಊರಿನವರು ಯಾವುದಕ್ಕೆ ಬಳಸುತ್ತಿದ್ದರೆಂದು ಬರೆಯಿರಿ.