ಬಟ್ಟಲಿಗಿಳಿದ ಮಲ್ಲಿಗೆ

ಮಲ್ಲಿಗೆಯೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಮುಡಿ, ದೇವರ ಪೂಜೆ ಮತ್ತು ಮದುವೆಯ ಚಪ್ಪರ. ಊರು ಬಿಟ್ಟು ಮುಂಬಯಿಗೆ ಬಂದು ನೆಲೆಸಿದ ಮೇಲೂ ಮಾಟುಂಗದ ಹೂವಿನ ಅಂಗಡಿಗಳ ಮುಂದೆ ನಮ್ಮ ಹೆಜ್ಜೆ ತಾನಾಗಿಯೇ ನಿಧಾನವಾಗುತ್ತದೆ. ಆದರೆ ಅದೇ ಪರಿಮಳವನ್ನು ಬಟ್ಟಲಿನಲ್ಲಿ ಸವಿಯಬಹುದೆಂದರೆ ಅನೇಕರು ಹುಬ್ಬೇರಿಸುತ್ತಾರೆ. ಚೀನೀಯರು ಶತಮಾನಗಳಿಂದ ಮಾಡುತ್ತ ಬಂದಿರುವುದು ಇದನ್ನೇ.

ಈ ಚಹಾದ ಹೂವು ನಮಗೆ ಪರಕೀಯವಾದುದಲ್ಲ. ಸಸ್ಯಶಾಸ್ತ್ರದಲ್ಲಿ ಜಾಸ್ಮಿನಮ್ ಸಂಬಾಕ್ ಎನಿಸಿಕೊಂಡಿರುವ ಇದೂ ಉಡುಪಿಯ ಶಂಕರಪುರದ ಮಲ್ಲಿಗೆಯೂ ಒಂದೇ ಕುಲದವು. ಗಿಡವು ಚೀನಕ್ಕೆ ಹೋದದ್ದು ನಮ್ಮ ಕಡೆಯಿಂದಲೇ. ಚೀನೀ ಭಾಷೆಯ ‘ಮೋಲಿ’ ಎಂಬ ಹೆಸರು ಸಂಸ್ಕೃತದ ‘ಮಲ್ಲೀ’ ಶಬ್ದದಿಂದ ಬಂದಿತೆಂದು ವಿದ್ವಾಂಸರ ಅಭಿಮತ. ಪರದೇಶಕ್ಕೆ ಕೊಟ್ಟ ಮಗಳು ತವರಿನ ಹೆಸರನ್ನು ಉಳಿಸಿಕೊಂಡು ಬಾಳಿದಂತಾಯಿತು.

ಫೂಜಿಯನ್ ಪ್ರಾಂತದ ಫೂಚೌ ನಗರವು ಈ ಚಹಾಕ್ಕೆ ಹೆಸರಾದದ್ದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2014ರಲ್ಲಿ ಅಲ್ಲಿನ ಮಲ್ಲಿಗೆ-ಚಹಾ ಸಂಸ್ಕೃತಿಯನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಮನ್ನಿಸಿತು. ವಸಂತದಲ್ಲಿ ಸಿದ್ಧಪಡಿಸಿದ ಹಸಿರು ಚಹಾವನ್ನು ಮಲ್ಲಿಗೆ ಬಿಡುವ ಬೇಸಗೆಯವರೆಗೆ ಕಾದಿರಿಸುತ್ತಾರೆ. ಮಧ್ಯಾಹ್ನ ಬಿಡಿಸಿ ತಂದ ಮೊಗ್ಗುಗಳು ಸಂಜೆ ಬಿರಿಯತೊಡಗಿದಾಗ ಅವನ್ನು ಎಲೆಯೊಡನೆ ಬೆರೆಸಿಡುತ್ತಾರೆ. ರಾತ್ರಿಯಿಡೀ ಎಲೆಯು ಪರಿಮಳವನ್ನೂ ತೇವವನ್ನೂ ಹೀರಿಕೊಳ್ಳುತ್ತದೆ. ಅನಂತರ ಹೂವನ್ನು ಬೇರ್ಪಡಿಸಿ ಎಲೆಯನ್ನು ಒಣಗಿಸುತ್ತಾರೆ. ಉತ್ತಮ ದರ್ಜೆಯ ಚಹಾಕ್ಕೆ ಪ್ರತಿ ಸಲವೂ ಹೊಸ ಹೂವಿನೊಡನೆ ಈ ಕ್ರಮ ಹಲವು ಬಾರಿ ನಡೆಯುತ್ತದೆ. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ ಇದು ಪರಿಮಳದ ಚಕ್ರಬಡ್ಡಿ. ಆದ್ದರಿಂದ ಪೊಟ್ಟಣದಲ್ಲಿ ಒಣ ಹೂವು ಕಂಡ ಮಾತ್ರಕ್ಕೆ ಚಹಾ ಉತ್ತಮವೆಂದು ತಿಳಿಯಲಾಗದು. ಹೂವು ತನ್ನ ಸರ್ವಸ್ವವನ್ನೂ ಎಲೆಗೆ ಒಪ್ಪಿಸಿ ಹೊರಟುಹೋಗಿರುತ್ತದೆ.

ಇದನ್ನು ಸರ್ವರೋಗನಿವಾರಕವೆಂದು ಸಾರುವವರ ಮಾತನ್ನು ನಾನು ಒಪ್ಪುವುದಿಲ್ಲ. ಔಷಧಿಯೆಂದು ಮೂಗು ಮುಚ್ಚಿ ಕುಡಿಯುವವನಿಗೆ ಮಲ್ಲಿಗೆಯ ಸುಖ ದಕ್ಕೀತೆ? ಇದರ ನಿಜವಾದ ಲಾಭ ಬೇರೆಡೆ ಇದೆ. ಸಕ್ಕರೆಯನ್ನೂ ಹಾಲನ್ನೂ ಇದು ಬೇಡುವುದಿಲ್ಲ. ಕಚೇರಿಯಲ್ಲಿ ದಿನಕ್ಕೆ ನಾಲ್ಕು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ ಸುಮಾರು 4 ಗ್ರಾಂ ಎಂದು ಲೆಕ್ಕ ಹಾಕಿರಿ. ಮೊತ್ತ 32 ಗ್ರಾಂ. ಸೇರಿಸಿದ ಸಕ್ಕರೆಯನ್ನು ದಿನಕ್ಕೆ ಸುಮಾರು 25 ಗ್ರಾಮಿನೊಳಗೆ ಇರಿಸಿದರೆ ಹೆಚ್ಚು ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದೆ. ಸಿಹಿತಿಂಡಿಯನ್ನು ಮುಟ್ಟುವ ಮೊದಲೇ ನಮ್ಮ ಖಾತೆಯಲ್ಲಿ ಮಿತಿಮೀರಿದ ಖರ್ಚು! ಮಧುಮೇಹವು ಮನೆಮನೆಯ ಮಾತಾಗಿರುವಾಗ ಈ ಲೆಕ್ಕವನ್ನು ಕಡೆಗಣಿಸುವುದು ಜಾಣತನವಲ್ಲ.

ಕೆಲವು ಎಚ್ಚರಿಕೆಗಳೂ ಅಗತ್ಯ. ಕುದಿಯುವ ನೀರು ಈ ಎಲೆಯನ್ನು ಕಹಿಯಾಗಿಸುತ್ತದೆ. ಸುಮಾರು 80 ಡಿಗ್ರಿಗೆ ಆರಿದ ನೀರಿನಲ್ಲಿ ಎರಡು ಮೂರು ನಿಮಿಷ ನೆನೆಸಿ, ಕುಡಿಯುವ ಮುನ್ನ ಇನ್ನೂ ಆರಗೊಡಬೇಕು. ಅದೇ ಎಲೆಗೆ ಮತ್ತೆರಡು ಬಾರಿ ನೀರೆರೆಯಬಹುದು. ಚಹಾವು ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಆದ್ದರಿಂದ ರಕ್ತಹೀನತೆಯುಳ್ಳವರು, ವಿಶೇಷತಃ ನಮ್ಮ ಹೆಣ್ಣುಮಕ್ಕಳು, ಊಟದೊಡನೆ ಕುಡಿಯದೆ ಒಂದು ಗಂಟೆಯ ಅಂತರವಿಡುವುದು ಲೇಸು. ಕೆಫೀನ್ ಇದರಲ್ಲಿಯೂ ಇರುವುದರಿಂದ ನಿದ್ದೆ ಬಾರದವರಿಗೆ ರಾತ್ರಿಯ ವೇಳೆ ಸಲ್ಲದು.

ಬೆಳಗಿನ ಫಿಲ್ಟರ್ ಕಾಫಿಯನ್ನು ತೊರೆಯಿರೆಂದು ಹೇಳುವಷ್ಟು ನಿರ್ದಯಿ ನಾನಲ್ಲ. ಸಂಜೆಯ ಸಕ್ಕರೆಯ ಲೋಟವೊಂದರ ಸ್ಥಾನವನ್ನು ಈ ಬಟ್ಟಲಿಗೆ ಬಿಟ್ಟುಕೊಟ್ಟರೆ ಸಾಕು. ನಮ್ಮ ಸಂಘದ ಸಭೆಗಳಲ್ಲಿಯೂ ಎಂದಿನ ಚಹಾದ ಪಕ್ಕದಲ್ಲಿ ಸಕ್ಕರೆಯಿಲ್ಲದ ಮಲ್ಲಿಗೆ ಚಹಾದ ಕೆಟಲೊಂದು ಇರಲಿ ಎಂಬುದು ನನ್ನ ವಿನಮ್ರ ಸೂಚನೆ. ಪಥ್ಯದ ಹೆಸರಿನಲ್ಲಿ ಬರಿಗೈಯಲ್ಲಿ ಕೂರುವ ಹಿರಿಯರಿಗೂ ಆಗ ಎಲ್ಲರೊಡನೆ ಒಂದು ಬಟ್ಟಲು ಹಿಡಿಯುವ ಸಂತೋಷ ದೊರೆತೀತು.