ಸತ್ಯವಿಲ್ಲದ ಸನ್ಮಾನ

ಒಂದು ರಾಷ್ಟ್ರವು ಯಾರನ್ನು ಸನ್ಮಾನಿಸುತ್ತದೆ ಎಂಬುದು ಅದು ಯಾವ ಕೃತ್ಯವನ್ನು ಅನುಕರಣೀಯವೆಂದು ಬಗೆಯುತ್ತದೆ ಎಂಬುದರ ಘೋಷಣೆಯೂ ಆಗಿದೆ. ಗೌರವ ಪಡೆಯುವವರು ಸೇನೆಯ ರಹಸ್ಯ ಘಟಕಕ್ಕೆ ಸೇರಿದವರಾಗಿದ್ದರೆ ಈ ಮಾತಿನ ತೂಕ ಇನ್ನಷ್ಟು ಹೆಚ್ಚುತ್ತದೆ. ಏಕೆಂದರೆ ಅವರು ಮಾಡಿದ್ದೇನು, ಮಾಡಿಸಿದವರು ಯಾರು ಎಂಬುದು ಜನರಿಗೆ ತಿಳಿದಿರುವುದಿಲ್ಲ. 2005ರ ಮಾರ್ಚ್ 30ರಂದು ಇಸ್ರೇಲಿನ ಅಂದಿನ ಅಧ್ಯಕ್ಷ ಮೋಶೆ ಕತ್ಸವ್ ಮೂವರು ವೃದ್ಧರಿಗೆ ನೀಡಿದ ಮೆಚ್ಚುಗೆ ಪತ್ರಗಳನ್ನು ಈ ದೃಷ್ಟಿಯಿಂದಲೇ ನೋಡಬೇಕಾಗಿದೆ.

ಮಾರ್ಸೆಲ್ ನಿನಿಯೋ, ರಾಬರ್ಟ್ ದಸ್ಸಾ ಮತ್ತು ಮೆಯಿರ್ ಝಫ್ರಾನ್ ಈಜಿಪ್ಟಿನಲ್ಲಿ ಇಸ್ರೇಲಿ ಸೇನಾ ಗುಪ್ತಚರ ವಿಭಾಗವು ಕಟ್ಟಿದ್ದ ಜಾಲದ ಸದಸ್ಯರಾಗಿದ್ದರು. ಆ ಜಾಲವು 131ನೇ ಘಟಕದ ಅಧೀನದಲ್ಲಿತ್ತು. 1954ರ ಜುಲೈಯಲ್ಲಿ ಈ ಜಾಲವು ಅಲೆಕ್ಸಾಂಡ್ರಿಯದ ಅಂಚೆ ಕಚೇರಿಯಲ್ಲಿ, ಬಳಿಕ ಅಲೆಕ್ಸಾಂಡ್ರಿಯ ಮತ್ತು ಕೈರೋದ ಅಮೆರಿಕನ್ ಗ್ರಂಥಾಲಯಗಳಲ್ಲಿ ಬೆಂಕಿಬಾಂಬುಗಳನ್ನಿಟ್ಟಿತು. ಆಗ ಬ್ರಿಟನ್ ಸುಯೆಜ್ ಕಾಲುವೆ ವಲಯದಿಂದ ತನ್ನ ಸೇನೆಯನ್ನು ಹಿಂದೆಗೆಯಲು ಈಜಿಪ್ಟಿನೊಂದಿಗೆ ಮಾತುಕತೆ ನಡೆಸುತ್ತಿತ್ತು. ಈಜಿಪ್ಟ್ ಅರಾಜಕ ದೇಶವೆಂದು ಪಾಶ್ಚಾತ್ಯರನ್ನು ನಂಬಿಸಿ ಆ ನಿರ್ಗಮನವನ್ನು ತಡೆಯುವುದೇ ಸಂಚಿನ ಉದ್ದೇಶವಾಗಿತ್ತು. ಇದರ ಅಪವಾದವು ಇಖ್ವಾನುಲ್ ಮುಸ್ಲಿಮೂನ್, ಕಮ್ಯುನಿಸ್ಟರು ಮತ್ತು ರಾಷ್ಟ್ರವಾದಿಗಳ ತಲೆಗೆ ಬೀಳಬೇಕಾಗಿತ್ತು.

ಜುಲೈ 23ರಂದು ಓರ್ವ ಸದಸ್ಯನ ಕಿಸೆಯಲ್ಲಿದ್ದ ಬಾಂಬು ಅಲೆಕ್ಸಾಂಡ್ರಿಯದ ಚಿತ್ರಮಂದಿರದ ಮುಂದೆಯೇ ಹೊತ್ತಿಕೊಂಡಿತು. ಸಂಚು ಬಯಲಾಯಿತು. ನಾಲ್ಕೇ ದಿನಗಳಲ್ಲಿ, ಜುಲೈ 27ರಂದು, ಬ್ರಿಟಿಷ್ ಸೇನೆಯ ನಿರ್ಗಮನದ ಕುರಿತ ಪ್ರಾಥಮಿಕ ಒಪ್ಪಂದಕ್ಕೆ ಅಂಕಿತ ಬಿತ್ತು. ಬಾಂಬುಗಳಿಂದ ಯಾರೂ ಸಾಯಲಿಲ್ಲ, ನಿಜ. ಆದರೆ ಯಾರೂ ಸಾಯದಿದ್ದ ಮಾತ್ರಕ್ಕೆ ನಿರಪರಾಧಿಯ ತಲೆಗೆ ಅಪರಾಧ ಹೊರಿಸುವ ಸಂಚು ನ್ಯಾಯವಾಗುತ್ತದೆಯೇ?

ಕೃತ್ಯ ಎಸಗಿದವರು ಬೆಲೆ ತೆತ್ತರು. ವೈದ್ಯ ಮೋಶೆ ಮರ್ಝೂಕ್ ಮತ್ತು ಶಿಕ್ಷಕ ಶ್ಮುಯೆಲ್ ಅಝಾರ್ 1955ರ ಜನವರಿ 31ರಂದು ಗಲ್ಲಿಗೇರಿದರು. ನಿನಿಯೋ ಮೊದಲಾದವರು 1968ರಲ್ಲಿ ಕೈದಿಗಳ ವಿನಿಮಯವಾಗುವ ತನಕ ಸೆರೆಮನೆಯಲ್ಲಿ ಕೊಳೆತರು. ಬಂಧನದಲ್ಲಿ ಚಿತ್ರಹಿಂಸೆಗೆ ಗುರಿಯಾದೆವೆಂಬ ಅವರ ದೂರನ್ನು, ಶತ್ರುವಿನ ಗೂಢಚಾರರೆಂಬ ಕಾರಣಕ್ಕೆ ಕಡೆಗಣಿಸುವುದು ಸರಿಯಲ್ಲ. ನ್ಯಾಯವು ವೈರಿಗೂ ಸಲ್ಲಬೇಕು.

ಆದರೆ ಅವರನ್ನು ಕಳುಹಿಸಿದವರ ಗತಿಯೇನಾಯಿತು? ಪ್ರಧಾನಿ ಮೋಶೆ ಶರೆಟ್‌ಗೆ ಕಾರ್ಯಾಚರಣೆಯ ಮಾಹಿತಿಯೇ ಇರಲಿಲ್ಲ. ಆದೇಶ ಕೊಟ್ಟವರು ರಕ್ಷಣಾ ಸಚಿವ ಪಿನ್ಹಾಸ್ ಲವೋನ್ ಎಂದು ಸೇನಾ ಗುಪ್ತಚರ ಮುಖ್ಯಸ್ಥ ಬಿನ್ಯಾಮಿನ್ ಗಿಬ್ಲಿ ಹೇಳಿದರೆ, ತಾನು ಕೊಡಲಿಲ್ಲ ಎಂದು ಲವೋನ್ ಹೇಳಿದರು. 1955ರಲ್ಲಿ ಲವೋನ್ ರಾಜೀನಾಮೆಯಿತ್ತರು. 1960ರಲ್ಲಿ ಸಚಿವರ ಸಮಿತಿಯೊಂದು ಅವರನ್ನು ದೋಷಮುಕ್ತಗೊಳಿಸಿತು. ಇದನ್ನು ಒಪ್ಪದ ಬೆನ್-ಗುರಿಯನ್ 1961ರಲ್ಲಿ ಪ್ರಧಾನಿ ಪದವಿಯನ್ನೇ ತೊರೆದರು. ಒಂದು ಸರಕಾರವನ್ನೇ ಅಲುಗಾಡಿಸಿದ ಈ ಪ್ರಕರಣದ ಹೊಣೆಯನ್ನು ಇಸ್ರೇಲ್ ಅರ್ಧ ಶತಮಾನ ಕಾಲ ಅಧಿಕೃತವಾಗಿ ಹೊರಲಿಲ್ಲ. ತನಗಾಗಿ ಸೆರೆವಾಸ ಅನುಭವಿಸಿದವರನ್ನು ಬಹಿರಂಗವಾಗಿ ತನ್ನವರೆಂದು ಗೌರವಿಸಲು ಅದಕ್ಕೆ 51 ವರ್ಷಗಳು ಬೇಕಾದವು.

ಆ ಗೌರವದಲ್ಲೂ ಸತ್ಯಕ್ಕೆ ಸ್ಥಾನವಿರಲಿಲ್ಲ. ಆದೇಶ ನೀಡಿದವರು ಯಾರೆಂಬ ಪ್ರಶ್ನೆಗೆ ಮೆಚ್ಚುಗೆ ಪತ್ರ ಉತ್ತರ ಕೊಡಲಿಲ್ಲ. ಯಾರ ಹೆಸರಿಗೆ ಮಸಿ ಬಳಿಯಲು ಯೋಜಿಸಲಾಗಿತ್ತೋ ಅವರಲ್ಲಿ ಕ್ಷಮೆ ಯಾಚಿಸಲಿಲ್ಲ. ಇನ್ನೊಂದು ಅನ್ಯಾಯವೂ ಇಲ್ಲಿದೆ. ತಲೆಮಾರುಗಳಿಂದ ಈಜಿಪ್ಟಿನಲ್ಲಿ ಬಾಳಿದ ಯಹೂದಿ ಸಮುದಾಯದ ಯುವಕ ಯುವತಿಯರನ್ನು ಅವರ ಹುಟ್ಟೂರಿನ ವಿರುದ್ಧವೇ ಬಳಸಿಕೊಂಡಾಗ ಸಂಶಯದ ನೆರಳು ಇಡೀ ಸಮುದಾಯದ ಮೇಲೆ ಬಿತ್ತು. 1956ರ ಸುಯೆಜ್ ಯುದ್ಧದ ಬಳಿಕ ಈಜಿಪ್ಟಿನ ಸರಕಾರವೂ ಸಾವಿರಾರು ನಿರಪರಾಧಿ ಯಹೂದಿಯರನ್ನು ಹೊರದಬ್ಬಿ ಅದೇ ತಪ್ಪನ್ನು ಮಾಡಿತು. ಕೆಲವರ ಕೃತ್ಯಕ್ಕೆ ಸಮುದಾಯವನ್ನು ದಂಡಿಸುವುದು ಯಾರೇ ಮಾಡಿದರೂ ಅನ್ಯಾಯವೇ. ಆದ್ದರಿಂದ ಈ ಸಂಚನ್ನು ಯಹೂದಿ ಧರ್ಮದ ಲೆಕ್ಕಕ್ಕೆ ಬರೆಯುವುದೂ ಸಲ್ಲದು. ಅದು ಒಂದು ಪ್ರಭುತ್ವದ, ಅದರ ಹೊಣೆಗೇಡಿ ಅಧಿಕಾರಿಗಳ ಕೃತ್ಯ.

ದೇಶಕ್ಕಾಗಿ ಕಷ್ಟಪಟ್ಟವರನ್ನು ಗೌರವಿಸಬಾರದೆಂದು ಯಾರೂ ಹೇಳಲಾರರು. ಆದರೆ ಕಷ್ಟ ಸಹಿಸಿದ್ದು ಬೇರೆ, ಮಾಡಿದ ಕೃತ್ಯ ನ್ಯಾಯವಾಗಿತ್ತೇ ಎಂಬುದು ಬೇರೆ. ಮೊದಲನೆಯದಕ್ಕೆ ಕೊಟ್ಟ ಗೌರವವು ಎರಡನೆಯದಕ್ಕೆ ಪರದೆಯಾಗಬಾರದು. ರಹಸ್ಯ ಘಟಕಗಳಿರುವ ಪ್ರತಿಯೊಂದು ದೇಶಕ್ಕೂ, ಅದು ಯಾವ ಧರ್ಮದವರು ಆಳುವ ದೇಶವಾಗಿದ್ದರೂ, ಈ ಮಾತು ಅನ್ವಯವಾಗುತ್ತದೆ. ಮೊದಲು ಕಡತ ತೆರೆಯಲಿ, ಆದೇಶ ಕೊಟ್ಟವರ ಹೆಸರು ಹೊರಬರಲಿ, ಅನ್ಯಾಯಕ್ಕೊಳಗಾದವರಿಗೆ ಉತ್ತರ ಸಿಗಲಿ. ಪದಕವನ್ನು ಆಮೇಲೆ ತೊಡಿಸಬಹುದು.

ನಾಗರಿಕರಿಗೂ ಇದರಲ್ಲಿ ಪಾಠವಿದೆ. ಅಂದು ಆ ಬಾಂಬು ಕಿಸೆಯಲ್ಲಿ ಹೊತ್ತಿಕೊಳ್ಳದಿರುತ್ತಿದ್ದರೆ ಅಪರಾಧಿಗಳೆಂದು ಯಾರ ಹೆಸರು ಇತಿಹಾಸದಲ್ಲಿ ದಾಖಲಾಗುತ್ತಿತ್ತು? ಸ್ಫೋಟದ ಹೊಗೆ ಆರುವ ಮುನ್ನವೇ ತಪ್ಪಿತಸ್ಥರನ್ನು ಹೆಸರಿಸುವ ಆತುರ ಇರುವವರು ಈ ಪ್ರಶ್ನೆಯನ್ನು ಒಮ್ಮೆ ತಮಗೆ ತಾವೇ ಕೇಳಿಕೊಳ್ಳಲಿ.