ಹಳೆ ಕಂಪ್ಯೂಟರಿಗೆ ಒಂದು ರವಿವಾರ

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಒಂದು ಹಳೆ ಕಂಪ್ಯೂಟರ್ ಇರುತ್ತದೆ. ಬೆಂಗಳೂರಲ್ಲೋ ಪುಣೆಯಲ್ಲೋ ನೌಕರಿಯಲ್ಲಿರುವ ಮಗ ಹೊಸದು ಕೊಂಡು ಹಳೆಯದನ್ನು ಊರಿಗೆ ಕಳಿಸಿರುತ್ತಾನೆ. ಅದನ್ನು ಹಚ್ಚಿ, ಚಹಾ ಕುಡಿದು ಬಂದರೂ ಪರದೆ ಸಿದ್ಧವಾಗಿರುವುದಿಲ್ಲ. ಗುಜರಿಗೆ ಹಾಕುವ ಮೊದಲು ಅದಕ್ಕೊಂದು ರವಿವಾರ ಕೊಡಿ.

ಮಕ್ಕಳೇ, ಕಂಪ್ಯೂಟರಿನ ಉಗ್ರಾಣವೇ ಹಾರ್ಡ್ ಡಿಸ್ಕ್. 1956ರಲ್ಲಿ ಐಬಿಎಂ ಕಂಪನಿ ಮಾಡಿದ ಮೊದಲ ಹಾರ್ಡ್ ಡಿಸ್ಕಿನಲ್ಲಿ 50 ದೊಡ್ಡ ತಟ್ಟೆಗಳಿದ್ದವು. ಅಷ್ಟಿದ್ದೂ ಅದರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ ಮಾತ್ರ. ಈಗಿನದು ಅಂಗೈಯಗಲ, ಆದರೆ ಒಳಗೆ ತಟ್ಟೆ ತಿರುಗುವುದು ತಪ್ಪಿಲ್ಲ. ಅದು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ. ಅಜ್ಜನ ಕಾಲದ ಗ್ರಾಮಫೋನಿನ ಮುಳ್ಳಿನಂಥ ಒಂದು ಕೈ, ತಟ್ಟೆಯನ್ನು ಮುಟ್ಟದೆ ಅದರ ಮೇಲೆಯೇ ತೇಲುತ್ತ ಓದುತ್ತದೆ.

ಹಾಗಾದರೆ ನಿಧಾನ ಏಕೆ? ಅಜ್ಜ-ಅಜ್ಜಿಯರಿಗೆ ಬ್ಯಾಂಕಿನ ಹಳೆ ಲೆಡ್ಜರ್ ನೆನಪಿರಬಹುದು. ಒಬ್ಬರ ಖಾತೆಯ ಪುಟ ತುಂಬಿದರೆ ಮುಂದಿನ ಲೆಕ್ಕ ಖಾಲಿ ಇದ್ದ ಬೇರೆ ಯಾವುದೋ ಪುಟಕ್ಕೆ ಹೋಗುತ್ತಿತ್ತು. ಆಮೇಲೆ ಆ ಲೆಕ್ಕ ನೋಡಲು ಪುಟ ತಿರುವಿದ್ದೇ ತಿರುವಿದ್ದು. ಡಿಸ್ಕಿನಲ್ಲೂ ಒಂದೇ ಕಡತ ಹತ್ತು ಕಡೆ ಚದುರಿದರೆ ಆ ಕೈ ಅತ್ತಿತ್ತ ಓಡಾಡಿ ಹೊತ್ತು ಕಳೆಯುತ್ತದೆ.

ಕೆಲಸ ನಾಲ್ಕು. ಕ್ರಮ ಮಾತ್ರ ತಪ್ಪಬಾರದು.

ಮೊದಲನೆಯದು, ನಕಲು. ಬೇಕಾದ ಫೋಟೊ, ಪತ್ರಗಳನ್ನು ಹೊರಗಿನ ಡಿಸ್ಕಿಗೋ ಪೆನ್ ಡ್ರೈವಿಗೋ ಹಾಕಿ, ತೆರೆದು ನೋಡಿ, ತಾರೀಕು ಬರೆದಿಡಿ. ಬಾದಾಮಿಯ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇಂದಿಗೂ ಇದೆ. ಹಾರ್ಡ್ ಡಿಸ್ಕಿಗೆ ಕಲ್ಲಿನ ಆಯುಷ್ಯವಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದವರು, ಆ ಮನೆಯ ಫೋಟೊ ಕಳೆದರೆ ಮತ್ತೆಲ್ಲಿ ಹೋಗಿ ತೆಗೆಯುವುದು?

ಎರಡನೆಯದು, ಕಸ ತೆಗೆಯುವುದು. ವಿಂಡೋಸ್‌ನಲ್ಲಿ 'ಡಿಸ್ಕ್ ಕ್ಲೀನಪ್' ಎಂಬುದಿದೆ. ತಾತ್ಕಾಲಿಕ ಕಡತಗಳಿಗೆ ಗುರುತು ಹಾಕಿ ಅಳಿಸಿ. ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಕಂಡರೆ ಗುರುತು ಹಾಕಬೇಡಿ. ನಿಮಗೆ ಬೇಕಾದ್ದೂ ಅಲ್ಲಿರಬಹುದು. ರೀಸೈಕಲ್ ಬಿನ್ನನ್ನೂ ಒಮ್ಮೆ ನೋಡಿಯೇ ಖಾಲಿ ಮಾಡಿ. ಡಿಸ್ಕಿನಲ್ಲಿ 100ಕ್ಕೆ 15 ಪಾಲಾದರೂ ಜಾಗ ಖಾಲಿ ಇರಲಿ.

ಮೂರನೆಯದು, ತಪಾಸಣೆ. ಸಿ ಡ್ರೈವಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ಪ್ರಾಪರ್ಟೀಸ್' ತೆರೆದು 'ಟೂಲ್ಸ್'ಗೆ ಹೋಗಿ. ಅಲ್ಲಿರುವ 'ಚೆಕ್' ಒತ್ತಿದರೆ ದೋಷಗಳನ್ನು ಹುಡುಕುತ್ತದೆ.

ನಾಲ್ಕನೆಯದು, ಚದುರಿದ್ದನ್ನು ಕೂಡಿಸುವುದು. ಅದೇ ಜಾಗದಲ್ಲಿ 'ಆಪ್ಟಿಮೈಸ್' ಇದೆ. ವಿಂಡೋಸ್ ಈ ಕೆಲಸವನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ ತಾನೇ ಮಾಡಿಕೊಳ್ಳುತ್ತದೆ. ಅಪರೂಪಕ್ಕೆ ಹಚ್ಚುವ ಕಂಪ್ಯೂಟರಿನಲ್ಲಿ ಅದು ಬಾಕಿ ಉಳಿದಿರುತ್ತದೆ. ಕೆಲವು ತಾಸು ಹಿಡಿಯಬಹುದು, ನಡುವೆ ಕರೆಂಟ್ ಹೋಗದ ಹೊತ್ತು ನೋಡಿಕೊಳ್ಳಿ. ನಿಮ್ಮದು ತಿರುಗುವ ತಟ್ಟೆ ಇಲ್ಲದ ಎಸ್‌ಎಸ್‌ಡಿ ಆಗಿದ್ದರೆ ಕಡತ ಕೂಡಿಸುವ ಗೊಡವೆಯೇ ಬೇಡ. ಲಾಭವಿಲ್ಲ, ಸುಮ್ಮನೆ ಸವೆಯುತ್ತದೆ.

ಇಳಕಲ್ಲಿನಲ್ಲಿ ಗ್ರಾನೈಟ್ ಧೂಳು, ಹುನಗುಂದದಲ್ಲಿ ಬೇಸಿಗೆಯ ಗಾಳಿಯ ಮಣ್ಣು. ಅದು ಪೆಟ್ಟಿಗೆಯ ಫ್ಯಾನಿಗೆ ಮೆತ್ತಿಕೊಂಡರೆ ಒಳಗೆ ಬಿಸಿ ಏರುತ್ತದೆ. ವೈರ್ ಕಿತ್ತು, ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ. ಹಾರ್ಡ್ ಡಿಸ್ಕಿನ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಒಂದು ಕಣ ಧೂಳು ಒಳಹೊಕ್ಕರೂ ತಟ್ಟೆ ಕೆಡುತ್ತದೆ. ಬರೆಯುವಾಗ ಕರೆಂಟ್ ಹೋದರೆ ಕಡತ ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೆ ಸಣ್ಣ ಯುಪಿಎಸ್ ಇದ್ದರೆ ಒಳ್ಳೆಯದು.

ಕೊನೆಯ ಮಾತು ಮಕ್ಕಳಿಗೆ. ಡಿಸ್ಕಿನಿಂದ 'ಟಕ್ ಟಕ್' ಸಪ್ಪಳ ಬರತೊಡಗಿದರೆ, ಕಡತಗಳು ತೆರೆಯದಾದರೆ, ಅದು ಕಸದ ತೊಂದರೆಯಲ್ಲ, ಡಿಸ್ಕೇ ಸೋಲುತ್ತಿದೆ. ಆಗ ಕ್ಲೀನಪ್, ಆಪ್ಟಿಮೈಸ್ ಎಂದು ದಣಿಸಬೇಡಿ. ಇನ್ನೂ ನಕಲು ಆಗಿಲ್ಲದಿದ್ದರೆ ಮುಖ್ಯವಾದದ್ದನ್ನಷ್ಟೇ ಮೊದಲು ನಕಲು ಮಾಡಿ, ಕಂಪ್ಯೂಟರ್ ಆರಿಸಿ, ತಿಳಿದವರಿಗೆ ತೋರಿಸಿ. ಡಿಸ್ಕ್ ಪೇಟೆಯಲ್ಲಿ ಸಿಗುತ್ತದೆ, ಅಜ್ಜಿಯ ಫೋಟೊ ಸಿಗುವುದಿಲ್ಲ.